ಪೃಥ್ವಿರಾಜ್ ಸಾಲ್ಯಾನನ ಬಾಕಿ ವೈವಾ

ಲೀಲಾಧರ ಸಾಲ್ಯಾನರು ಮೈಕು ಪರೀಕ್ಷಿಸುವ ಕ್ರಮವೇ ಬೇರೆ. ಉಳಿದವರು ‘ಹಲೋ ಹಲೋ’ ಎನ್ನುತ್ತಾರೆ. ಸಾಲ್ಯಾನರು ಗಂಟಲು ಸರಿಪಡಿಸಿಕೊಂಡು, “ನನ್ನ ತಮ್ಮ, ದಿವಂಗತ ಪೃಥ್ವಿರಾಜ್ ಸಾಲ್ಯಾನ್, ಎಂ.ಎಸ್ಸಿ. ಗಣಿತ” ಎನ್ನುತ್ತಾರೆ. ‘ಗಣಿತ’ ಎಂಬುದು ಹಾಲಿನ ಕೊನೆಯ ಸಾಲಿಗೆ ತಲುಪಿದರೆ ಮೈಕು ಸರಿಯಿದೆ ಎಂದು ಅರ್ಥ. ಡೊಂಬಿವಲಿಯ ತುಳು-ಕನ್ನಡಿಗರ ಸಂಘಕ್ಕೆ ಅವರು ಅಧ್ಯಕ್ಷರಾದಾಗಿನಿಂದ ಪ್ರತಿ ವಾರ್ಷಿಕೋತ್ಸವದಲ್ಲೂ ಹೀಗೆಯೇ. ಹತ್ತನೆಯ ತರಗತಿಯ ಗಣಿತದಲ್ಲಿ ಮುಂದೆ ಬಂದ ಮಗುವಿಗೆ ತಮ್ಮನ ಹೆಸರಿನ ಬಹುಮಾನ ಕೊಡುವಾಗ ಅವರು ಆ ಮಗುವಿನ ಕಿವಿಯಲ್ಲಿ ಒಂದು ಮಾತು ಹೇಳುವುದುಂಟು: “ಎಂ.ಎಸ್ಸಿ. ಆಗಬೇಕು, ಗೊತ್ತಾಯ್ತಾ? ಎಂ.ಎಸ್ಸಿ.ಗಿಂತ ಕೆಳಗಿನದು ಗಣಿತವೇ ಅಲ್ಲ.”

ಹೀಗೆನ್ನುವವರು ಸ್ವತಃ ಹತ್ತನೆಯ ತರಗತಿಯ ಗಣಿತದಲ್ಲಿ ಬಹಳ ನಿಷ್ಠೆಯಿಂದ, ಒಂದು ಸಲವೂ ತಪ್ಪದೆ ಫೇಲಾದವರು. ಮೀಸೆ ಮೂಡುವ ಮೊದಲೇ ಮೂಲ್ಕಿಯ ಕಡೆಯಿಂದ ಬಂದು, ಠಾಣೆಯ ನಾಕಾವೊಂದರ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಬೆಂಚಿನ ಮೇಲೆ ತೂಕಡಿಸಿ, ಕೊನೆಗೆ ಗಣಿತದ ಸಹವಾಸವನ್ನು ತಮ್ಮನಿಗೆ ಒಪ್ಪಿಸಿ ಕೈತೊಳೆದುಕೊಂಡರು. ಸಪ್ಲೈಯರ್ ಆದರು, ಕ್ಯಾಷ್ ಕೌಂಟರಿಗೆ ಏರಿದರು, ಡೊಂಬಿವಲಿ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ ತಮ್ಮದೇ ಹೋಟೆಲು ಮಾಡಿದರು, ಪೂರ್ವದ ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಫ್ಲ್ಯಾಟು ತೆಗೆದುಕೊಂಡರು. ತಮ್ಮನನ್ನು ಊರಿನಿಂದ ಕರೆಸಿ ಓದಿಸಿದರು. ಅವನು ಓದುತ್ತ ಹೋದಷ್ಟೂ ಇವರ ಎದೆ ಅಗಲವಾಗುತ್ತ ಹೋಯಿತು. ಅವನು ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಇವರು ಗಿರಾಕಿಗಳ ಬಿಲ್ಲನ್ನು ಬಾಯಲ್ಲಿ ಕೂಡಿಸುವಾಗಲೂ ‘ಇದು ನಮ್ಮ ಮನೆಯ ವಿದ್ಯೆ’ ಎಂಬ ಮುಖ ಮಾಡತೊಡಗಿದ್ದರು.

ಪೃಥ್ವಿರಾಜ್ ಎಂ.ಎಸ್ಸಿ.ಯ ಎಲ್ಲ ಪೇಪರುಗಳನ್ನೂ ಪಾಸು ಮಾಡಿದ. ಉಳಿದದ್ದು ಒಂದೇ ಒಂದು ಸೆಮಿನಾರು, ಅದರ ಬೆನ್ನಿಗೆ ವೈವಾ. ಪರೀಕ್ಷಕರ ಮುಂದೆ ನಿಂತು ಒಂದು ವಿಷಯವನ್ನು ಬಾಯಲ್ಲಿ ಸಾಧಿಸಿ ತೋರಿಸಬೇಕು. ಆ ದಿನ ಬೆಳಿಗ್ಗೆ ಅವನು ಎಂದಿನಂತೆ ಚಪ್ಪಲಿ ಮೆಟ್ಟಿ ಹೊರಟಾಗ ಲೀಲಾಧರಣ್ಣ ತಡೆದರು. “ಪ್ರೊಫೆಸರುಗಳ ಮುಂದೆ ಚಪ್ಪಲಿಯಾ? ಮರ್ಯಾದೆ ಬೇಡವಾ?” ಎಂದು ತಮ್ಮ ಹೊಸ ಚರ್ಮದ ಶೂಗಳನ್ನು ತೊಡಿಸಿ ಕಳಿಸಿದರು. ತಮ್ಮನ ಕಾಲಿಗೆ ಅವು ತುಸು ದೊಡ್ಡವು. ಆ ಹೊತ್ತಿನ ಲೋಕಲ್ ರೈಲಿನಲ್ಲಿ ಡೊಂಬಿವಲಿಯವರಿಗೆ ಒಳಗೆ ಜಾಗ ಸಿಗುವುದೆಂದರೆ ಪುಣ್ಯ. ಪೃಥ್ವಿರಾಜ್ ಬಾಗಿಲಲ್ಲಿ ನೇತಾಡುತ್ತ ಹೋದ. ಠಾಣೆ ತಲುಪುವ ಮೊದಲೇ ಬಿದ್ದ. ಕಾಲು ಜಾರಿತೋ, ಕೈ ಸೋತಿತೋ, ಹೇಳಲು ಅವನಿಲ್ಲ. ಬ್ಯಾಗು ಸಿಗಲಿಲ್ಲ. ಶೂ ಸಿಕ್ಕವು.

ಅವತ್ತಿನಿಂದ ಆ ಮನೆಯ ಬಾಗಿಲ ಹೊರಗೆ ಪ್ರತಿ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಯಾರೋ ಶೂ ಕಳಚುವ ಸದ್ದು. ಮೊದಲು ಒಂದು, ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಏನೂ ಇಲ್ಲ. ಬಾಗಿಲು ತೆರೆದರೆ ಖಾಲಿ ಜಗಲಿ, ಎದುರು ಮನೆಯವರ ಕಸದ ಡಬ್ಬಿ. ಲೀಲಾಧರಣ್ಣನಿಗೆ ಇಲಿಯೋ ಬೆಕ್ಕೋ ಎಂಬ ಅನುಮಾನ ಒಂದು ದಿನವೂ ಬಂದಿರಲಿಲ್ಲ. ಅವು ಅವರದೇ ಶೂಗಳು. ಅವುಗಳ ಸದ್ದು ಅವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ಮೊದಮೊದಲು ಹೆದರಿದರು. ಪೂಜೆ ಮಾಡಿಸಿದರು, ಟೈಲ್ಸ್ ಬದಲಿಸಿದರು, ಬಾಗಿಲಿಗೆ ಕಬ್ಬಿಣದ ಜಾಳಿಗೆ ಹಾಕಿಸಿದರು. ಸದ್ದು ಜಾಳಿಗೆಯ ಹೊರಗೆ ಬಂದು ನಿಂತಿತು, ಅಷ್ಟೆ. ಕಾಲ ಕಳೆದಂತೆ ಹೆದರಿಕೆ ಹೋಗಿ ರೂಢಿ ಬಂತು. ಹೆಂಡತಿ ಅನಸೂಯ ಆ ಹೊತ್ತಿಗೆ ಹೊರಗಿನ ಲೈಟು ಹಾಕುತ್ತಿದ್ದರು. ಮಗಳು ದಿಶಾ ತೊದಲುವ ವಯಸ್ಸಿನಲ್ಲೇ ಬಾಗಿಲ ಕಡೆ ನೋಡಿ “ಕಾಕಾ ಆಲೇ”, ಚಿಕ್ಕಪ್ಪ ಬಂದರು, ಎನ್ನುತ್ತಿದ್ದಳು. ಕಾಕಾನನ್ನು ಅವಳು ಕಂಡದ್ದು ಗೋಡೆಯ ಫೋಟೋದಲ್ಲಿ ಮಾತ್ರ. ಸತ್ತವನು ಮನೆಗೆ ಬರುತ್ತಾನೆ, ಒಳಗೆ ಬರುವುದಿಲ್ಲ. ಏಕೆ ಒಳಗೆ ಬರುವುದಿಲ್ಲ ಎಂಬ ಪ್ರಶ್ನೆಯೊಂದನ್ನು ಲೀಲಾಧರಣ್ಣ ತಮಗೇ ಕೇಳಿಕೊಳ್ಳದೆ ಅಷ್ಟು ವರ್ಷ ಬದುಕಿದ್ದರು, ಮತ್ತು ಎಲ್ಲೆಲ್ಲಿ ಮೈಕು ಸಿಕ್ಕಿತೋ ಅಲ್ಲೆಲ್ಲ ತಮ್ಮನಿಗೆ ಎಂ.ಎಸ್ಸಿ. ಕೊಡಿಸಿದ್ದರು.

ಎಲ್ಲ ಕೆಟ್ಟದ್ದು ಬಿಲ್ಡಿಂಗಿನ ರೀಡೆವಲಪ್‌ಮೆಂಟಿನಿಂದ.

ಸೊಸಾಯಿಟಿಯ ಮೀಟಿಂಗಿನಲ್ಲಿ ಎಲ್ಲರೂ ಸಹಿ ಹಾಕಿದರು. ಹಳೆಯ ಕಟ್ಟಡ ಕೆಡವಿ ಟವರು ಕಟ್ಟುತ್ತಾರೆ. ಗಣೇಶ ಚೌತಿಯೊಳಗೆ ಖಾಲಿ ಮಾಡಬೇಕು. ಟವರು ಏಳುವವರೆಗೆ ಕಾರ್ಖಾನೆಗಳಿರುವ ಎಂಐಡಿಸಿ ಕಡೆ ಬಾಡಿಗೆ ಮನೆ. ಲೀಲಾಧರಣ್ಣ ಸಹಿ ಹಾಕುವಾಗ ಅಧ್ಯಕ್ಷರ ಗತ್ತಿನಲ್ಲಿ ಪೆನ್ನಿನ ಮುಚ್ಚಳ ತೆಗೆದರು. ಮನೆಗೆ ಬಂದು ಕೂತಾಗ ಸಂಜೆಯಾಗಿತ್ತು. ಹೊರಗೆ ಒಂದು ಶೂ ಬಿತ್ತು. ತಡೆದು ಇನ್ನೊಂದು. ಆಗ ಅವರಿಗೆ ಹೊಳೆಯಿತು: ಈ ಗೋಡೆ, ಈ ಮೆಟ್ಟಿಲು, ಈ ಜಗಲಿ ಯಾವುದೂ ಇರುವುದಿಲ್ಲ. ಮೂರನೆಯ ಮಹಡಿಯಷ್ಟು ಎತ್ತರದ ಬರೀ ಗಾಳಿಯಲ್ಲಿ, ಕೆಳಗೆ ಜೆಸಿಬಿ ಗುದ್ದುತ್ತಿರುವಾಗ, ಅವನು ಬಂದು ಶೂ ಕಳಚಬೇಕು.

ಆ ರಾತ್ರಿ ಅವರು ಊಟ ಮಾಡಲಿಲ್ಲ. ಮಾರನೆಯ ದಿನ ದೇಜಪ್ಪನನ್ನು ಕರೆಸಿದರು.

ದೇಜಪ್ಪ ಎಂಐಡಿಸಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದು ನಿವೃತ್ತನಾದವನು. ಈಗ ಸತ್ತವರಿಗೆ ಸಂಬಂಧ ಕುದುರಿಸುತ್ತಾನೆ. ಮದುವೆಯಾಗದೆ ಸತ್ತವರ ಕುಲೆಗೆ, ಅಂದರೆ ಪ್ರೇತಕ್ಕೆ, ಮಳೆಗಾಲದ ಆಟಿ ತಿಂಗಳಿನಲ್ಲಿ ಮದುವೆ ಮಾಡುವುದು ತುಳುವರಲ್ಲಿ ಹಿಂದಿನಿಂದಲೂ ಉಂಟು. ಕಲ್ಯಾಣ-ಡೊಂಬಿವಲಿಯ ಜನ ಊರು ಬಿಟ್ಟರೂ ಅದನ್ನು ಬಿಟ್ಟಿರಲಿಲ್ಲ. ಬದುಕಿದ್ದವರ ಸಂಬಂಧವನ್ನು ದೇಜಪ್ಪ ಮುಟ್ಟುತ್ತಿರಲಿಲ್ಲ. “ಅವರಿಗೆ ಮಾಡಿಸಿದರೆ ವರ್ಷದೊಳಗೆ ಬೈಗುಳ. ಇವರು ನೋಡಿ, ಒಬ್ಬರೂ ಬಂದು ಡೈವರ್ಸು ಕೇಳಿದ್ದಿಲ್ಲ” ಎನ್ನುತ್ತಿದ್ದ.

ವಿಷಯ ಕೇಳಿ ಅವನು ಚಹಾದ ಬಶಿ ಕೆಳಗಿಟ್ಟ.

“ಬಾಗಿಲಲ್ಲೇ ನಿಲ್ತಾನೆ ಅಂದಿರಲ್ಲ, ಅದು ಸರಿಯೇ. ಮದುವೆ ಆಗದ ಕುಲೆಗೆ ಮನೆ ಅಂತ ಇಲ್ಲ ಲೀಲಾಧರಣ್ಣ. ಕೊನೆಗೆ ಹೊರಟ ಬಾಗಿಲೊಂದೇ ಅದಕ್ಕೆ ಗುರುತು. ಬಾಗಿಲು ಹೋದರೆ ದಾರಿ ತಪ್ಪಿತು ಅಂತಲೇ ಲೆಕ್ಕ.”

“ಮದುವೆ ಮಾಡಿದರೆ?”

“ಸಂಸಾರವಂದಿಗ ಆದ. ಹಿರಿಯರ ಸಾಲಿಗೆ ಸೇರಿದ. ನೀವು ಎಂಐಡಿಸಿಗೆ ಹೋಗಿ, ಪನ್ವೇಲಿಗೆ ಹೋಗಿ, ಎಲೆ ಹಾಕಿ ಕರೆದಲ್ಲಿಗೆ ಬರ್ತಾನೆ. ಹುಡುಗಿ ಒಂದು ಉಂಟು. ಕಲ್ಯಾಣದಲ್ಲಿ. ಬರಿ ಬೇರೆ, ಗೋತ್ರ ಅಡ್ಡ ಬರುದಿಲ್ಲ. ಆದರೆ ತಾಯಿ ಸ್ವಲ್ಪ... ಟೀಚರು.”

“ನನ್ನ ತಮ್ಮ ಎಂ.ಎಸ್ಸಿ. ಅಂತ ಹೇಳು.”

“ಅದು ಇಡೀ ಸೆಂಟ್ರಲ್ ಲೈನಿಗೇ ಗೊತ್ತುಂಟು ಮಾರಾಯ್ರೆ.”

ಕಲ್ಯಾಣ ಪಶ್ಚಿಮದಲ್ಲಿ ಸುಂದರಿ ಟೀಚರ ಮನೆ. ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಶಾಲೆ ಅವರಿಗಿಂತ ಮುಂಚೆ ನಿವೃತ್ತವಾಗಿತ್ತು. ಹಾಲಿನ ಗೋಡೆಗೆ ಕರಿಹಲಗೆ. ಅದರ ಎದುರಿಗೆ ಮೂರು ಕುರ್ಚಿ. ಲೀಲಾಧರಣ್ಣ ನಡುವಿನ ಕುರ್ಚಿಯತ್ತ ಹೋದಾಗ ಟೀಚರು, “ಅದರಲ್ಲಿ ಬೇಡ, ಅದು ಶರ್ಮಿಳಾದು” ಎಂದರು. ಶರ್ಮಿಳಾ ಅವರ ಒಬ್ಬಳೇ ಮಗಳು. ಎಂ.ಎಸ್ಸಿ. ಗಣಿತದ ಮೊದಲ ವರ್ಷದಲ್ಲಿದ್ದಾಗ ಕಾಮಾಲೆಯಾಗಿ ಹೋದವಳು. ಲೀಲಾಧರಣ್ಣ ಪಕ್ಕದ ಕುರ್ಚಿಯಲ್ಲಿ ಅರ್ಧ ಕೂತರು.

“ಹುಡುಗ ಏನು ಓದಿದ್ದು?” ಟೀಚರು ಕೇಳಿದರು. ಬದುಕಿದ್ದ ಗಂಡಿನ ಬಗ್ಗೆ ಕೇಳುವ ಹಾಗೆಯೇ.

“ಎಂ.ಎಸ್ಸಿ. ಗಣಿತ.” ಮೈಕಿಲ್ಲದಿದ್ದರೂ ಮಾತು ಅಡುಗೆಮನೆಯವರೆಗೆ ಹೋಯಿತು.

“ಪೂರ್ತಿ ಆಗಿದೆಯಾ?”

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹಾರ ಹಾಕಿದವರು, ಶಾಲು ಹೊದೆಸಿದವರು, ಆಮಂತ್ರಣ ಮುದ್ರಿಸಿದವರು, ಒಬ್ಬರೂ ಕೇಳಿರಲಿಲ್ಲ. ಲೀಲಾಧರಣ್ಣ ಖಾಲಿ ಕುರ್ಚಿಯನ್ನು ನೋಡಿದರು. ಅದರ ಮುಂದೆ ಸುಳ್ಳು ಬರಲಿಲ್ಲ.

“ವೈವಾ ಒಂದು ಬಾಕಿ ಇತ್ತು. ಅದಕ್ಕೆ ಹೋಗುವಾಗಲೇ...”

ಟೀಚರು ಕರಿಹಲಗೆಯ ಕಡೆ ತಿರುಗಿದರು. ಆಮೇಲೆ ಮೃದುವಾಗಿ, ಆದರೆ ಅಂಕ ಕಳೆಯುವವರ ದನಿಯಲ್ಲಿ ಹೇಳಿದರು. “ಹಾಗಾದರೆ ಎಂ.ಎಸ್ಸಿ. ಆಗಲಿಲ್ಲ ಲೀಲಾಧರ ಅವರೇ. ಆಗಿನ ನಿಯಮ ನನಗೆ ಬಾಯಿಪಾಠ, ಮಗಳಿಗೋಸ್ಕರ ಓದಿದ್ದೆ. ಆಲ್ಜೀಬ್ರಾ, ಅನಾಲಿಸಿಸ್, ಟೋಪಾಲಜಿ ಕಡ್ಡಾಯ. ಮೇಲೆ ಐಚ್ಛಿಕ ಪೇಪರು. ಎಲ್ಲ ಪಾಸಾದರೂ ಸೆಮಿನಾರು-ವೈವಾ ಆಗದೆ ಪದವಿ ಇಲ್ಲ. ಕಂಡದ್ದನ್ನು ಬರೆದು ಪಾಸಾಗಬಹುದು, ಎದುರಿಗೆ ನಿಂತು ಹೇಳಿದರೆ ಮಾತ್ರ ಗೊತ್ತಾಗುವುದು ಅಂತ ಆ ನಿಯಮ.”

“ಅಯ್ಯೋ ಟೀಚರೇ,” ದೇಜಪ್ಪ ಕೈಮುಗಿದ, “ಹುಡುಗ ಹೋಗಿ ಎಷ್ಟೋ ವರ್ಷ ಆಯ್ತು. ಇನ್ನು ವೈವಾ ಎಂತದು? ಹೆಣ್ಣು-ಗಂಡು ಇಬ್ಬರೂ ಮೇಲೆ ಇದ್ದಾರೆ, ಅಲ್ಲಿ ಯಾರು ಮಾರ್ಕ್ಸ್‌ಕಾರ್ಡು ಕೇಳ್ತಾರೆ?”

“ಇವಳು ಕೇಳ್ತಾಳೆ.” ಟೀಚರು ನಡುವಿನ ಕುರ್ಚಿಯ ಕಡೆ ತಲೆಯಾಡಿಸಿದರು. “ಇರುವಾಗ ಬಂದ ಸಂಬಂಧಗಳಿಗೆಲ್ಲ ಒಂದೇ ಮಾತು. ‘ಅಮ್ಮ, ನನಗಿಂತ ಜಾಸ್ತಿ ಲೆಕ್ಕ ಗೊತ್ತಿದ್ದವ ಬೇಕು.’ ನಾನು ಬೈದು ಸುಮ್ಮನಾಗಿಸುತ್ತಿದ್ದೆ. ಈಗ ಬೈಯುವುದು ಯಾರಿಗೆ? ದೇಜಪ್ಪ, ಮದುವೆಯಲ್ಲಿ ಗಂಡಿನ ಬದಲು ಹಾರ ಹಿಡಿದು ನಿಲ್ಲುವವರು ಯಾರು?”

“ಅಣ್ಣ. ಇವರೇ.”

“ಹಾರಕ್ಕೆ ಬದಲಿ ನಿಲ್ಲಬಹುದಾದರೆ ವೈವಾಕ್ಕೂ ನಿಲ್ಲಬಹುದು. ಇದೇ ಹಲಗೆಯ ಮುಂದೆ. ಅವನು ಹೇಳಬೇಕಿದ್ದದ್ದನ್ನೇ ಹೇಳಲಿ. ಅವಳು ಒಪ್ಪಿದರೆ ನನ್ನದೂ ಒಪ್ಪಿಗೆ.”

ಹೊರಗೆ ಬಂದ ಮೇಲೆ ದೇಜಪ್ಪ ರಿಕ್ಷಾ ಸ್ಟ್ಯಾಂಡಿನವರೆಗೂ ತಲೆ ಚಚ್ಚಿಕೊಂಡ. “ಬಿಡಿ ಅಣ್ಣ, ಬೇರೆ ಹುಡುಗಿ ನೋಡುವ. ಉಲ್ಲಾಸನಗರದಲ್ಲಿ ಒಂದು ಉಂಟು, ಪಾಪದ ಹುಡುಗಿ, ಏಳನೆ ಕ್ಲಾಸು. ಪರೀಕ್ಷೆಗೆ ಡಮ್ಮಿ ಕೂತರೆ ಪೊಲೀಸರು ಹಿಡಿಯುದು, ಇವರು ಡಮ್ಮಿಯನ್ನು ಕರೆದು ಕೂರಿಸ್ತಾರೆ!”

ಲೀಲಾಧರಣ್ಣ ರಿಕ್ಷಾ ಹತ್ತಿ ಕೂತರು. ಪೃಥ್ವಿರಾಜ್ ಏಕೆ ಬಾಗಿಲಲ್ಲೇ ನಿಲ್ಲುತ್ತಾನೆ ಎಂಬುದಕ್ಕೆ ದೇಜಪ್ಪ ಕೊಟ್ಟದ್ದು ಒಂದು ಉತ್ತರ. ಇನ್ನೊಂದು ಉತ್ತರ ಅವರ ತಲೆಯಲ್ಲಿ ಈಗ ತಾನೇ ಮೊಳೆತಿತ್ತು. ವೈವಾ ಮುಗಿಸದೆ ಅಣ್ಣನ ಮನೆಯೊಳಗೆ ಬರುವುದು ಹೇಗೆ ಎಂದು ಹುಡುಗ ನಾಚಿಕೊಂಡು ನಿಂತಿದ್ದರೆ? ಒಳಗೆ ಅಣ್ಣ ಎಲ್ಲರಿಗೂ ಎಂ.ಎಸ್ಸಿ. ಎಂದು ಹೇಳಿಯಾಗಿದೆ. ಇಲ್ಲ ಎನ್ನಲು ಅವನಿಂದಾಗದು, ಹೌದು ಎಂದು ಒಳಗೆ ಬರಲೂ ಆಗದು.

ವೈವಾದ ವಿಷಯ ಏನಿತ್ತು ಎಂಬುದು ಅವರಿಗೆ ಗೊತ್ತಿದ್ದದ್ದು ಎರಡೇ ಶಬ್ದ. ಆ ಕೊನೆಯ ವಾರ ಪೃಥ್ವಿರಾಜ್ ಗೋಡೆಯ ಕಡೆ ಮುಖ ಮಾಡಿ ಗುನುಗುತ್ತಿದ್ದುದನ್ನು ಚಾಪೆಯಲ್ಲಿ ಮಲಗಿದ್ದವರು ನಿದ್ದೆಗಣ್ಣಿನಲ್ಲಿ ಕೇಳಿದ್ದರು. ಅವನ್ನೇ ಮಗಳ ಮುಂದೆ ಇಟ್ಟರು. “ಫಿಕ್ಸ್ಡ್ ಪಾಯಿಂಟ್.”

ದಿಶಾ ಮೊಬೈಲಿನಿಂದ ತಲೆ ಎತ್ತಿದಳು. ಅವಳೂ ಎಂ.ಎಸ್ಸಿ. ಗಣಿತದ ಕೊನೆಯ ಸೆಮಿಸ್ಟರಿನಲ್ಲಿದ್ದಳು. ಅವಳು ಏನೋ ಓದುತ್ತಿದ್ದಾಳೆಂದು ಅಪ್ಪನಿಗೆ ಗೊತ್ತಿತ್ತು. ಬಹುಮಾನದ ಭಾಷಣಗಳ ಗಡಿಬಿಡಿಯಲ್ಲಿ ಏನೆಂದು ಕೇಳಲು ಆಗಿರಲಿಲ್ಲ.

“ಅರೇ ಪಪ್ಪಾ, ಯೇ ತೋ ನಮ್ಮ ಟೋಪಾಲಜಿಯಲ್ಲೇ ಉಂಟು, ಕದಲದ ಬಿಂದು! ಆದರೆ ಯಾಕೆ?”

ಅವರು ಕಾರಣ ಹೇಳಿದ ಮೇಲೆ ಅವಳು ನಗಲಿಲ್ಲ. ನಗುತ್ತಾಳೆಂದು ಅವರು ಸಿದ್ಧರಾಗಿದ್ದರು, ಅವಳು ಬಾಗಿಲ ಕಡೆ ನೋಡಿ, “ಕಾಕಾಗೋಸ್ಕರ ನಾ? ಕರೂಯಾ, ಮಾಡುವಾ” ಎಂದಳು.

ಹೀಗೆ ಮಧ್ಯಾಹ್ನದ ರಷ್ಷು ಕಳೆದು ಹೋಟೆಲು ತೂಕಡಿಸುವ ಹೊತ್ತಿನಲ್ಲಿ, ಹಿಂದಿನ ಮೇಜಿನಲ್ಲಿ, ಅಧ್ಯಕ್ಷರ ವಿದ್ಯಾಭ್ಯಾಸ ಸುರುವಾಯಿತು. ಮೊದಲ ದಿನ ದಿಶಾ ಎಂ.ಎಸ್ಸಿ. ಎಂದರೇನು ಎಂದು ಹೇಳಿದಳು. ಈಗ ಎಂಬತ್ತೆಂಟು ಕ್ರೆಡಿಟ್, ನಾಲ್ಕು ಸೆಮಿಸ್ಟರು, ಕಡ್ಡಾಯ ಎಷ್ಟು, ಆರಿಸಿಕೊಳ್ಳುವುದು ಎಷ್ಟು, ಕೊನೆಗೆ ಪ್ರಾಜೆಕ್ಟು. ಲೀಲಾಧರಣ್ಣ ಬಾಯಿ ತೆರೆದು ಕೇಳಿದರು. ಇಷ್ಟು ವರ್ಷ ಮೈಕಿಗೆ ಹೇಳಿದ ಮೂರು ಅಕ್ಷರಗಳ ಒಳಗೆ ಇಷ್ಟು ಕೋಣೆಗಳಿದ್ದವೆಂದು, ಅವುಗಳಲ್ಲಿ ತಮ್ಮ ಒಬ್ಬನೇ ಓಡಾಡಿದ್ದನೆಂದು, ಈಗ ಮಗಳು ಒಬ್ಬಳೇ ಓಡಾಡುತ್ತಿದ್ದಾಳೆಂದು ಅವರಿಗೆ ಮೊದಲ ಬಾರಿ ತಿಳಿಯಿತು.

ಎರಡನೆಯ ದಿನ ಅವಳು ಮೇಜಿನ ಮೇಲೆ ಹಾಸುವ, ಹೋಟೆಲಿನ ಹೆಸರು ಅಚ್ಚಾದ ಕಾಗದಗಳಲ್ಲಿ ಎರಡನ್ನು ತೆಗೆದುಕೊಂಡಳು. ಒಂದನ್ನು ಹಾಸಿದಳು. ಅದರಂಥದೇ ಇನ್ನೊಂದನ್ನು ಕೈಯಲ್ಲಿ ಮುದುಡಿ ಉಂಡೆ ಮಾಡಿ ಅದರ ಮೇಲಿಟ್ಟಳು.

“ಈಗ ಥಿಯರಮ್ ಏನಂದರೆ, ಈ ಉಂಡೆಯಲ್ಲಿ ಒಂದು ಬಿಂದುವಾದರೂ ಕೆಳಗಿನ ಹಾಳೆಯಲ್ಲಿ ತನ್ನದೇ ಜಾಗದ ನೇರ ಮೇಲೆ ಇದೆ. ಹೇಗೆ ಬೇಕಾದರೂ ಮುದುಡಿ. ಹಾಳೆಯ ಹೊರಗೆ ಹೋಗಬಾರದು, ಹರಿಯಬಾರದು. ಬಸ್.”

“ಹರಿದರೆ?”

“ಹರಿದರೆ ಥಿಯರಮ್ ಇಲ್ಲ.”

“ಸುಳ್ಳು. ನಾನು ದಿನಾ ಸಾಂಬಾರು ತಿರುಗಿಸ್ತೇನೆ. ಯಾವ ಬೇಳೆಯೂ ನಿಂತಲ್ಲಿ ನಿಲ್ಲುದಿಲ್ಲ.”

“ಪಪ್ಪಾ, ಸಾಂಬಾರು ಬೇಡ. ಕಾಗದ.”

ಒಪ್ಪಿಸುವುದು ಅವಳಿಗೆ ಸುಲಭವಾಗಲಿಲ್ಲ. ಗಿರಾಕಿಯ ಜೊತೆ ವಾದಿಸಿ ಗೆದ್ದ ನಾಲಿಗೆ ಅದು. ಕಾಗದಗಳು ಮುದುಡಿ ಮುದುಡಿ ರಾಶಿಯಾದವು. ಕೊನೆಗೆ ಅವಳು ಬೇರೆ ದಾರಿ ಹಿಡಿದಳು. ಒಂದೂ ಬಿಂದು ತನ್ನ ಜಾಗದಲ್ಲಿ ಉಳಿಯಲಿಲ್ಲ ಎಂದು ಇಟ್ಟುಕೊಳ್ಳಿ. ಹಾಗಿದ್ದರೆ ಪ್ರತಿ ಬಿಂದುವನ್ನೂ ಅದು ಸರಿದ ಗೆರೆ ಹಿಡಿದು ಅಂಚಿಗೆ ತಳ್ಳಬಹುದು. ಅಂದರೆ ಹಾಳೆ ಪೂರ್ತಿ, ಎಲ್ಲಿಯೂ ಹರಿಯದೆ, ಬರೀ ಅಂಚಾಗಬೇಕು. ಆಗುತ್ತದಾ?

ಲೀಲಾಧರಣ್ಣ ಯೋಚಿಸಿದರು. ಸಂಘದ ಯಕ್ಷಗಾನಗಳಲ್ಲಿ ಹಿಂದೆ ಕೂತು ನೋಡಿದ ಚೆಂಡೆ ನೆನಪಾಯಿತು. “ಚೆಂಡೆಯ ಚರ್ಮವನ್ನು ಹರಿಯದೆ ಪೂರಾ ಬಳೆಗೆ ಎಳೆದು ತಂದ ಹಾಗೆ. ನಡುವೆ ತೂತು ಬೀಳಲೇಬೇಕು.”

ದಿಶಾ ಅಪ್ಪನನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದಳು. “ಹೋ. ಅಗದೀ ತಸಂಚ್, ಥೇಟ್ ಹಾಗೇ. ಇಷ್ಟು ಹೇಳಿದರೆ ಸಾಕು. ಒಳಗೆ ಇನ್ನೊಂದು ಸ್ಟೆಪ್ ಉಂಟು, ಅದು ಬೇಡ, ನಿಮಗೆ ಕನ್‌ಫ್ಯೂಸ್ ಆಗ್ತದೆ.”

ವೈವಾದ ದಿನ ಆಟಿಯ ಮಳೆ. ಲೋಕಲುಗಳು ತೆವಳುತ್ತಿದ್ದವು. ಲೀಲಾಧರಣ್ಣ ಬಾಗಿಲ ಬಳಿ ನಿಲ್ಲದೆ ಜನರ ನಡುವೆ ಸಿಕ್ಕಿಕೊಂಡು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಲ್ಯಾಣದವರೆಗೆ ತುಟಿ ಅಲ್ಲಾಡಿಸುತ್ತ ನಿಂತರು. ಪಕ್ಕದವನೊಬ್ಬ ಜಪ ಮಾಡುತ್ತಿದ್ದಾರೆಂದು ತಿಳಿದು ಜಾಗ ಮಾಡಿಕೊಟ್ಟ.

ಹಲಗೆಯ ಎದುರಿಗೆ ಮೂರೂ ಕುರ್ಚಿಗಳು. ಒಂದರಲ್ಲಿ ಟೀಚರು, ಒಂದರಲ್ಲಿ ದಿಶಾ, ನಡುವಿನದು ಖಾಲಿ. ದೇಜಪ್ಪ ಬಾಗಿಲಿಗೊರಗಿ ನಿಂತಿದ್ದ. ಸಭೆಗಳಲ್ಲಿ ಸಾವಿರ ಜನರ ಮುಂದೆ ಬೆವರದ ಲೀಲಾಧರಣ್ಣನಿಗೆ ಆ ಖಾಲಿ ಕುರ್ಚಿಯ ಮುಂದೆ ಬೆನ್ನು ಒದ್ದೆಯಾಯಿತು.

“ಹೆಸರು?” ಟೀಚರು ಕೇಳಿದರು.

“ಲೀ...” ಎಂದು ನಿಂತು, “ಪೃಥ್ವಿರಾಜ್ ಸಾಲ್ಯಾನ್” ಎಂದರು. ಎಂ.ಎಸ್ಸಿ. ಎನ್ನಲಿಲ್ಲ.

ಕಾಗದ ಹಾಸಿದರು. ಇನ್ನೊಂದನ್ನು ಮುದುಡಿದರು. ಹರಿಯಬಾರದೆಂದರು, ಹೊರಗೆ ಹೋಗಬಾರದೆಂದರು. ಒಂದೂ ಬಿಂದು ಉಳಿಯದಿದ್ದರೆ ಎಂದು ಸುರುಮಾಡಿ, ಎಲ್ಲವನ್ನೂ ಅಂಚಿಗೆ ತಳ್ಳಿ, ಚೆಂಡೆಯ ಹತ್ತಿರ ಬರುವಷ್ಟರಲ್ಲಿ ಮಾತು ಕಡಿಯಿತು. ಮುಂದೇನೆಂದು ತೋಚಲಿಲ್ಲ. ಹೊರಗೆ ಮಳೆ. ದಿಶಾ ತುಟಿಯಲ್ಲೇ ‘ಚೆಂಡೆ, ಚೆಂಡೆ’ ಎಂದು ಹೇಳಿಕೊಡುತ್ತಿದ್ದದ್ದು ಅವರಿಗೆ ಕಾಣಲಿಲ್ಲ. ಅವರ ಕಣ್ಣು ನಡುವಿನ ಕುರ್ಚಿಯಲ್ಲಿ ನೆಟ್ಟಿತ್ತು.

“ಸಪೋಸ್ ಮಾಡಿ,” ಲೀಲಾಧರಣ್ಣನ ಬಾಯಿ ಹೇಳಿತು. ಅವರು ಎಂದೂ ಮಾತಾಡದಷ್ಟು ಮೆಲ್ಲಗೆ, ಚುರುಕಾಗಿ. “ಆ ಬಿಂದು ಮೊದಲೇ ಅಂಚಿನಲ್ಲಿತ್ತು ಅಂತ ಸಪೋಸ್ ಮಾಡಿ. ತಳ್ಳಿದರೂ ಅದು ಅಲ್ಲೇ ಇರ್ತದೆ. ಅಂಚು ಕದಲುದಿಲ್ಲ. ಅದನ್ನು ಮರೆತರೆ ಪ್ರೂಫು ನಿಲ್ಲುದಿಲ್ಲ.”

ದಿಶಾಳ ಕೈಯಲ್ಲಿದ್ದ ಮೊಬೈಲು ಮಡಿಲಿಗೆ ಬಿತ್ತು.

ಲೀಲಾಧರಣ್ಣ ಕಣ್ಣು ಮಿಟುಕಿಸಿದರು. ಆಮೇಲೆ ತಮ್ಮದೇ ದೊಡ್ಡ ದನಿಯಲ್ಲಿ ಚೆಂಡೆ, ಬಳೆ, ತೂತು ಎಲ್ಲ ಹೇಳಿ ಮುಗಿಸಿದರು. ಟೀಚರು ಎದ್ದು ಬಂದು ಕಾಗದದ ಉಂಡೆಯನ್ನು ಹತ್ತಿರದಿಂದ ನೋಡಿದರು.

“ಒಂದು ಬಿಂದು ಕದಲಲಿಲ್ಲ ಅಂದಿರಿ. ಎಲ್ಲಿದೆ ಅದು? ತೋರಿಸಿ.”

ಇದನ್ನು ದಿಶಾ ಹೇಳಿಕೊಟ್ಟಿರಲಿಲ್ಲ. ಅವರು ಉಂಡೆಯ ಮೇಲೆ ಬೆರಳು ಇಡಲು ಹೋಗಿ ಹಿಂದೆ ತೆಗೆದರು. ಬಹಳ ಹೊತ್ತು ನೋಡಿದರು. ಅವರ ಜೀವಮಾನದಲ್ಲಿ ಅಷ್ಟು ಕಡಿಮೆ ಗತ್ತಿನಿಂದ ಅವರು ಮಾತಾಡಿದ್ದಿಲ್ಲ.

“ಗೊತ್ತಿಲ್ಲ ಟೀಚರೇ. ಉಂಟು ಅಂತ ಮಾತ್ರ ಗೊತ್ತು. ಎಲ್ಲಿ ಅಂತ ತೋರಿಸ್ಲಿಕ್ಕೆ ಆಗುದಿಲ್ಲ.”

ಸುಂದರಿ ಟೀಚರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಈ ಥಿಯರಮ್ಮು ಹೇಳುವುದೂ ಅಷ್ಟನ್ನೇ. ಉಂಟು ಅನ್ನುತ್ತದೆ, ಎಲ್ಲಿ ಅನ್ನುವುದಿಲ್ಲ. ತೋರಿಸುತ್ತೇನೆ ಅಂದಿದ್ದರೆ ಫೇಲು ಮಾಡುತ್ತಿದ್ದೆ.” ಖಾಲಿ ಕುರ್ಚಿಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತರು. “ಆಯಿತು. ದಿನ ನೋಡಿ ದೇಜಪ್ಪ.”

ಮರಳುವಾಗ ರಿಕ್ಷಾದಲ್ಲಿ ದಿಶಾ ಅಪ್ಪನ ತೋಳು ಹಿಡಿದುಕೊಂಡೇ ಇದ್ದಳು. “ಪಪ್ಪಾ, ಆ ಅಂಚಿನ ಸ್ಟೆಪ್. ಅದೇ ನಾನು ಬಿಟ್ಟದ್ದು.”

“ಆವಾಗ ಚಾಪೆಯಲ್ಲಿ ಮಲಗಿ ಕೇಳಿದ್ದೆ ಅಲ್ವಾ, ಕಿವಿಯಲ್ಲಿ ಉಳಿದಿರಬೇಕು,” ಎಂದರು ಲೀಲಾಧರಣ್ಣ. ಅವಳು ನಂಬಿದಳೋ ಇಲ್ಲವೋ, ಅವರಂತೂ ನಂಬಲಿಲ್ಲ.

ಆ ಸಂಜೆ ಬಾಗಿಲ ಹೊರಗೆ ಸದ್ದಾಗಲಿಲ್ಲ. ಅನಸೂಯ ಲೈಟು ಹಾಕಿ ಕಾದರು. ಮರುದಿನವೂ ಇಲ್ಲ. ಅಷ್ಟು ವರ್ಷ ಸದ್ದಿಗೆ ಹೆದರದೆ ಬದುಕಿದ ಮನೆ ಈಗ ಸದ್ದಿಲ್ಲದ್ದಕ್ಕೆ ಹೆದರಿತು. ಪಾಸಾದವನು ಮದುವೆಗೂ ಕಾಯದೆ ಹೊರಟೇ ಹೋದನೇ ಎಂದು ಲೀಲಾಧರಣ್ಣ ಒಬ್ಬರೇ ಜಗಲಿಯಲ್ಲಿ ಕೂತರು.

ಮದುವೆ ಅದೇ ಫ್ಲ್ಯಾಟಿನಲ್ಲಿ, ಕಟ್ಟಿಟ್ಟ ರಟ್ಟಿನ ಡಬ್ಬಗಳ ನಡುವೆ ನಡೆಯಿತು. ಒಂದು ಮಣೆಯ ಮೇಲೆ ಬಿಳಿ ಪಂಚೆ, ಶರ್ಟು. ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ. ಪೃಥ್ವಿರಾಜನ ಪರವಾಗಿ ಅಣ್ಣ, ಶರ್ಮಿಳಾಳ ಪರವಾಗಿ ತಾಯಿ ಹಾರ ಹಿಡಿದರು. ಟೀಚರ ಕೈ ಹಾರ ಬಿಡಲು ತುಸು ತಡ ಮಾಡಿತು. ಆಮೇಲೆ ಒಳಕೋಣೆಯಲ್ಲಿ ಎರಡು ಎಲೆ ಜೋಡಿಸಿ ಹಾಕಿ, ಕೋರಿ ರೊಟ್ಟಿ, ಮೀನು, ಪಾಯಸ ಬಡಿಸಿ, ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಕ್ರಮ ಹಾಗೆ. ಸತ್ತವರು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹಿರಿಯ ಕೆಮ್ಮಿ, ಬಾಗಿಲು ತಟ್ಟಿ ತೆರೆಯಬೇಕು. ಆ ಮೇಲೆಯೇ ಬದುಕಿದ್ದವರ ಊಟ.

ಲೀಲಾಧರಣ್ಣ ಚಿಲಕದ ಮೇಲೆ ಕೈಯಿಟ್ಟು ನಿಂತರು. ನಂಟರಿಷ್ಟರು ಸೋಫಾ ಇಲ್ಲದ ಹಾಲಿನಲ್ಲಿ ಗೋಡೆಗೊರಗಿ ಕೂತಿದ್ದರು. ಕೋಳಿ ಸಾರಿನ ಪರಿಮಳ ಎಲ್ಲರನ್ನೂ ಕಾಡುತ್ತಿತ್ತು.

“ಆಯ್ತಲ್ಲ ಅಣ್ಣ,” ದೇಜಪ್ಪ ಪಿಸುಗುಟ್ಟಿದ, “ಕೆಮ್ಮಿ.”

ಲೀಲಾಧರಣ್ಣ ಗಂಟಲು ಸರಿಪಡಿಸಿಕೊಂಡರು. ಕೆಮ್ಮುವಷ್ಟರಲ್ಲಿ ಸುಂದರಿ ಟೀಚರು ಅವರ ಮೊಣಕೈ ಮುಟ್ಟಿದರು. ಅವರು ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು. ಮುಖದಲ್ಲಿ, ತರಗತಿಯ ಹೊರಗೆ ನಿಂತು ಒಳ್ಳೆಯ ವಿದ್ಯಾರ್ಥಿಯ ಉತ್ತರ ಕೇಳುವವರ ಗಮನ.

“ವಾದ ಮಾಡ್ತಿದ್ದಾಳೆ,” ಎಂದರು ಬಹಳ ಮೆಲ್ಲಗೆ. “ಏನೋ ಒಪ್ಪಲಿಲ್ಲ ಅವಳಿಗೆ. ಅವನು ಮತ್ತೆ ಮೊದಲಿಂದ ಹೇಳ್ತಿದ್ದಾನೆ.”

ಲೀಲಾಧರಣ್ಣನೂ ಕಿವಿಗೊಟ್ಟರು. ಅವರಿಗೆ ಫ್ಯಾನಿನ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಮತ್ತೂ ಕಿವಿಗೊಟ್ಟರು. ಫ್ಯಾನು.

“ಹಸಿವಾಗ್ತದೆ ಮಾರಾಯ್ರೆ,” ಹಿಂದಿನಿಂದ ದೇಜಪ್ಪ. “ಸತ್ತವರಿಗೆ ಎಷ್ಟು ಹೊತ್ತು ಊಟ?”

ಲೀಲಾಧರಣ್ಣ ಚಿಲಕದಿಂದ ಕೈ ತೆಗೆದರು. ಬಾಗಿಲಿಗೆ ಬೆನ್ನು ಕೊಟ್ಟು, ಟೀಚರಿಗೂ ಜಾಗ ಬಿಟ್ಟು, ನೆಲದ ಮೇಲೆ ಕೂತರು.

“ಕಾಯು ದೇಜಪ್ಪ,” ಎಂದರು. “ಮಾತು ಮುಗಿಯಲಿ.”